ಮೂರು ಸಲ ಇಟ್ಟ ಪ್ರಸ್ಥಾನ

ಊರಿಗೆ ಹೊರಡುವ ದಿನ ನಮ್ಮ ಮನೆಯವರಿಗೆಲ್ಲ ನಾನೊಂದು ತಮಾಷೆ. ಬಸ್ಸಿಗೆ ಹತ್ತು ನಿಮಿಷ ಉಳಿದಿರುವಾಗ ನಾನು ಧೋತರ ಹುಡುಕುತ್ತಿರುತ್ತೇನೆ. ಧೋತರ ಸಿಕ್ಕರೆ ಕನ್ನಡಕದ ಡಬ್ಬಿ ಸಿಗುವುದಿಲ್ಲ. ಎಲ್ಲವನ್ನೂ ಹೇಗೋ ಚೀಲಕ್ಕೆ ತುರುಕಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟುತ್ತ ಅಂಗಳ ದಾಟುವುದು ನನ್ನ ವಾಡಿಕೆ. ಮೂವತ್ತು ವರ್ಷ ಪತ್ರಿಕೆಯ ಕಚೇರಿಯಲ್ಲಿ ಗಡಿಯಾರ ನೋಡಿ ದುಡಿದವನು ಹೀಗೇಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಪ್ರತಿ ಸಲವೂ ಕೇಳುತ್ತಾಳೆ.

“ಊರ ಮಂದೀ ಸುದ್ದಿ ಎಲ್ಲಾ ಹೊತ್ತಿಗೆ ಸರಿಯಾಗಿ ಕಳಿಸಿದವರು. ನಿಮ್ಮ ಧೋತರ ಮಾತ್ರ ನಿಮಗ ಹೊತ್ತಿಗೆ ಸಿಗೂದಿಲ್ಲ ನೋಡ್ರಿ. ನಿನ್ನೇನ ಒಂದು ಗಂಟು ಕಟ್ಟಿಡಲಿಕ್ಕೆ ಏನಾಗಿತ್ತು?”

ಏನೂ ಆಗಿರಲಿಲ್ಲ. ಆದರೆ ಹಿಂದಿನ ದಿನವೇ ಕಟ್ಟಿ ಬಾಗಿಲ ಬಳಿ ಇಟ್ಟ ಗಂಟನ್ನು ನಾನು ನೋಡಲಾರೆ. ಅದರ ಕಾರಣ ಒಂದು ರಸ್ತೆ. ದೇವದುರ್ಗದಿಂದ ಗಬ್ಬೂರಿನ ಮೇಲೆ ಹಾದು ರಾಯಚೂರಿಗೆ ಹೋಗುವ ರಸ್ತೆ. ಒಂದು ಮುಂಜಾನೆಯ ದಾರಿ. ಅದನ್ನು ಸವೆಸಲು ನಮ್ಮ ಮನೆಗೆ ನಲವತ್ತೈದು ದಿನ ಹಿಡಿಯಿತು.

ಪ್ರಸ್ಥಾನ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಪ್ರಯಾಣಕ್ಕೆ ಒಳ್ಳೆಯ ಮುಹೂರ್ತ ಬುಧವಾರ ಇದೆ, ಆದರೆ ನಿಮಗೆ ಹೊರಡಲು ಆಗುವುದು ಶುಕ್ರವಾರ ಎನ್ನಿ. ಮುಹೂರ್ತ ಕಳೆದುಕೊಳ್ಳುವ ಹಾಗಿಲ್ಲ. ಆಗ ಹೋಗುವವರ ಒಂದು ಬಟ್ಟೆ, ಅರಿಶಿನದ ಕೊಂಬು, ಅಡಿಕೆ, ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಸೇರಿಸಿ ಗಂಟು ಕಟ್ಟಿ, ಬುಧವಾರದ ಆ ಮುಹೂರ್ತಕ್ಕೆ ಸರಿಯಾಗಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊಸ್ತಿಲು ದಾಟಿದರೆ ಮನುಷ್ಯನೂ ದಾಟಿದ ಹಾಗೆ. ಪ್ರಯಾಣ ಶುರುವಾಯಿತು. ಇನ್ನು ಐದು ದಿನದೊಳಗೆ ಯಾವಾಗಲಾದರೂ ಆ ಗಂಟನ್ನು ಎತ್ತಿಕೊಂಡು ಮುಂದೆ ನಡೆದರಾಯಿತು. ನಮ್ಮ ಓಣಿಯಲ್ಲಿ ಇದಕ್ಕೆ ‘ಪರಸ್ತಾನ ಇಡೂದು’ ಎನ್ನುತ್ತಿದ್ದರು.

ನಮ್ಮ ಅಪ್ಪ ಹನುಮಪ್ಪನ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಓಣಿಗೆಲ್ಲ ಪಂಚಾಂಗ ನೋಡಿ ಹೇಳುವವರೂ ಅವರೇ. ಹೀಗಾಗಿ ಊರವರ ಗಂಟುಗಳು ನನ್ನ ಬಾಲ್ಯದ ತುಂಬ ಇದ್ದವು. ಏಳೆಂಟು ವರ್ಷದವನಿದ್ದಾಗ ಯಾರದೋ ಗಂಟಿನಿಂದ ಬೆಲ್ಲ ತೆಗೆದು ತಿಂದಿದ್ದೆ. ಆ ಮನುಷ್ಯ ಗುಲಬರ್ಗಾಕ್ಕೆ ಹೆಣ್ಣು ನೋಡಲು ಹೋಗಿ ಬರಿಗೈಯಲ್ಲಿ ಬಂದ. ಬೆಲ್ಲ ಹೋದದ್ದರಿಂದಲೇ ಹೆಣ್ಣು ಸಿಗಲಿಲ್ಲವೆಂದು ನಾನು ಒಂದು ವಾರ ಅವನ ಮನೆಯ ಮುಂದೆ ಹಾಯಲಿಲ್ಲ. ಇಂಗ್ಲಿಷ್ ಕಲಿತು, ಪತ್ರಿಕೆ ಓದಿ, ಇವೆಲ್ಲ ನಗೆಪಾಟಲು ಎಂದು ನನಗೆ ನಾನೇ ಹೇಳಿಕೊಳ್ಳಲು ಶುರುಮಾಡಿದ್ದು ಆಮೇಲೆ. ಹಾಗೆ ಹೇಳಿಕೊಂಡ ಮೇಲೂ ಗಂಟು ಹೊರುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಇದು ನಡೆದದ್ದು ನಾಲ್ವತ್ತರ ದಶಕದಲ್ಲಿ. ನಿಜಾಮರ ರಾಜ್ಯ; ಹೊರಗೆ ಎಲ್ಲೋ ಯುದ್ಧ. ಯುದ್ಧ ನಮ್ಮೂರಿಗೆ ಬಂದದ್ದು ಒಂದೇ ರೂಪದಲ್ಲಿ: ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಮೇಲೆ ಓಡತೊಡಗಿತು. ಬಸ್ಸಿನ ಹಿಂದೆ ಹಂಡೆಯಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಅರ್ಧ ತಾಸು ಗಾಳಿ ಚಕ್ರ ತಿರುಗಿಸಿದ ಮೇಲೆ ಇಂಜಿನ್ನು ಕೆಮ್ಮುತ್ತಿತ್ತು. ನಮ್ಮ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅಣ್ಣ ಊರಿನ ಶಾಲೆಯಲ್ಲಿ ಮಾಸ್ತರ. ನಾನು ಇಪ್ಪತ್ತಮೂರರ ನಿರುದ್ಯೋಗಿ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ದೇವದುರ್ಗದ ವರ್ತಮಾನ ಬರೆದು ಕಳಿಸುತ್ತಿದ್ದೆ. ಈ ಮೂರು ಗಂಡಸರ ಮನೆಯನ್ನು ನಡೆಸುತ್ತಿದ್ದವಳು ಅಣ್ಣನ ಹೆಂಡತಿ, ನನ್ನ ವೈನಿ.

ವೈನಿಯ ತವರು ಮಾನ್ವಿ. ಮದುವೆಯಾಗಿ ಐದು ವರ್ಷವಾದರೂ ದೇವದುರ್ಗವನ್ನು ಅವಳು ಒಂದು ಊರೆಂದು ಒಪ್ಪಿರಲಿಲ್ಲ. “ನಾವು ತುಂಗಭದ್ರಾ ನೀರು ಕುಡದವರು, ನೀವು ಕೃಷ್ಣಾದವರು. ನೀರಿನಾಗೇ ಫರಕು ಅದ” ಎನ್ನುತ್ತಿದ್ದಳು. ಎರಡು ನದಿಗಳ ನಡುವಿನ ಫಲವತ್ತಾದ ನಾಡು ಎಂದು ಅಣ್ಣ ಶಾಲೆಯಲ್ಲಿ ಹುಡುಗರಿಗೆ ಭೂಗೋಳ ಹೇಳುತ್ತಿದ್ದ. ಅದನ್ನೇ ಒಮ್ಮೆ ಮನೆಯಲ್ಲಿ ಹೇಳಿದಾಗ ಅಡ್ಡ ಬಾಯಿ ಹಾಕಿ ವೈನಿ ಕೇಳಿದ್ದಳು: “ಎರಡೂ ಕಡೆ ನದಿ ಅಂತೀರಿ, ಮತ್ತ ನಾ ದಿನಾ ಎರಡು ಕೊಡ ನೀರಿಗೆ ಆ ಭಾಂವಿತನಕ ಯಾಕ ಹೋಗ್ಲಿಕ್ಕತ್ತೀನ್ರಿ?” ಈಗ ಕಾಲುವೆ ಬಂದು ಆ ಕಡೆ ಭತ್ತ ಬೆಳೆಯುತ್ತಾರೆ. ಆಗ ಇದ್ದದ್ದು ಆ ಬಾವಿಯೊಂದೇ.

ದೀಪಾವಳಿ ಮುಗಿದ ಮರುವಾರ, ಒಂದು ಶುಕ್ರವಾರ ಮುಂಜಾನೆ, ಹಿತ್ತಲಲ್ಲಿ ದಿನವೂ ಅನ್ನಕ್ಕೆ ಬರುತ್ತಿದ್ದ ಕೆಂಚು ನಾಯಿ ವೈನಿಯ ಕಾಲು ಕಚ್ಚಿತು. ಅವಳೇ ಅನ್ನ ಹಾಕುತ್ತಿದ್ದ ನಾಯಿ. ಹಿಮ್ಮಡಿಯ ಮೇಲೆ ಎರಡು ಸಣ್ಣ ಗಾಯ. ರಕ್ತವೂ ಹೆಚ್ಚು ಬರಲಿಲ್ಲ. “ನಿಮ್ಮೂರಾಗ ನಾಯಿಗೂ ಸಂಸ್ಕಾರ ಇಲ್ಲ, ಶೀನಪ್ಪಾ” ಎಂದು ನನ್ನನ್ನು ನೋಡಿ ನಕ್ಕಳು. ಅದೇ ನಾಯಿ ಮುಂದೆ ಹೋಗಿ ಕಂಬಳಿ ಮಾರಲು ಬಂದಿದ್ದ ಅರಕೇರಾದ ಕುರುಬರ ಬೀರಪ್ಪನ ಮುಂಗೈ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಜನ ಅದನ್ನು ಕೊಂದರು. ಅದರ ಬಾಯಿಂದ ಜೊಲ್ಲು ಸುರಿಯುತ್ತಿದ್ದುದನ್ನು ಎಲ್ಲರೂ ನೋಡಿದ್ದರು.

ಊರಿನ ದವಾಖಾನೆಯಲ್ಲಿ ವೈನಿ ಮತ್ತು ಬೀರಪ್ಪ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಡಾಕ್ಟರ ಸಾಹೇಬರು ಇಬ್ಬರ ಗಾಯವನ್ನೂ ಸಾಬೂನು ಹಚ್ಚಿ ತೊಳೆಸಿದರು. ಹೈದರಾಬಾದಿನ ಕಡೆಯವರು, ಕನ್ನಡವನ್ನು ಒಂದೊಂದೇ ಮಾತಾಗಿ ಜೋಡಿಸಿ ಆಡುತ್ತಿದ್ದರು.

“ಮಾಸ್ತರ ಸಾಬ್, ಕುತ್ತಾ ಪಾಗಲ್ ಇತ್ತು. ಇಲ್ಲಿ ದವಾ ಇಲ್ಲ. ರಾಯಚೂರು ದವಾಖಾನಾದಾಗ ಹೊಟ್ಟಿಗೆ ಹದಿನಾಕು ಸೂಜಿ ಕೊಡ್ತಾರ. ನಾಳೆ ಹೋಗ್ರಿ. ಗಾಯ ಮಾಯ್ತದ, ಅದು ನೋಡಬ್ಯಾಡ್ರಿ. ರೋಗ ಬಂದಮ್ಯಾಲ ಯಾವ ಸೂಜಿನೂ ಇಲ್ಲ.”

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ನಾನು ಪಕ್ಕದಲ್ಲೇ ನಿಂತು ಕೇಳಿದೆ; ಟಿಪ್ಪಣಿಯನ್ನೂ ಬರೆದುಕೊಂಡೆ. ಹೊರಗೆ ಬಂದಾಗ ಬೀರಪ್ಪ ಅಣ್ಣನಿಗೆ ಕೈ ಮುಗಿದು ಕೇಳಿದ: “ನಾಳಿ ಮುಂಜಾಲಿ ಬಸ್ಸಿಗೆ ನಾ ಹೊಂಟೀನ್ರಿ, ಮಾಸ್ತರ್ರ. ನನಗ ಅಲ್ಲಿ ದವಾಖಾನಿ ಗೊತ್ತಿಲ್ಲ. ಅವ್ವಾರೂ ಬರ್ತಾರಲ್ರಿ, ಕೂಡೇ ಹೋಗಾಮೇನ್ರಿ?”

“ನೋಡೂಣಪ್ಪಾ, ಮನಿಯಾಗ ಕೇಳಬೇಕು” ಎಂದ ಅಣ್ಣ.

ಮನೆಯಲ್ಲಿ ಕೇಳಿದೆವು. ಅಪ್ಪ ಪಂಚಾಂಗ ತೆಗೆದರು. ನಾಳೆ ಶನಿವಾರ, ರಾಯಚೂರು ಪೂರ್ವಕ್ಕಿದೆ, ಶನಿವಾರ ಪೂರ್ವಕ್ಕೆ ಶೂಲ, ಹೋಗುವಂತಿಲ್ಲ. ಭಾನುವಾರ ವೈನಿಯ ನಕ್ಷತ್ರಕ್ಕೆ ಬಲವಿಲ್ಲ. ಸೋಮವಾರ ಮತ್ತೆ ಪೂರ್ವಕ್ಕೆ ಶೂಲ. ಮಂಗಳವಾರ ಸೊಸೆಯನ್ನು ಹೊಸ್ತಿಲು ದಾಟಿಸಬಾರದು. ಬುಧವಾರ ಬಹಳ ಒಳ್ಳೆಯ ಮುಹೂರ್ತ. ಆದರೆ ಬುಧವಾರ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಮಾಸ್ತರ ಇಲ್ಲದಿದ್ದರೆ ನೌಕರಿಗೆ ಕುತ್ತು. ನಾನು ಕರೆದುಕೊಂಡು ಹೋಗಬಹುದಿತ್ತು. ಮೈದುನನೊಬ್ಬನೇ ಅತ್ತಿಗೆಯನ್ನು ಬಸ್ಸಿನಲ್ಲಿ ಪರಊರಿಗೆ ಕರೆದೊಯ್ಯುವ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

“ಬುಧವಾರ ಪರಸ್ತಾನ ಇಟ್ಟುಬಿಡೂಣು” ಎಂದರು ಅಪ್ಪ. ಎಲ್ಲರಿಗೂ ಎದೆಯ ಭಾರ ಇಳಿಯಿತು.

ಬುಧವಾರ ವೈನಿಯ ಒಂದು ಕುಪ್ಪಸದ ಖಣದಲ್ಲಿ ಗಂಟು ಕಟ್ಟಿ, ಪೂರ್ವ ದಿಕ್ಕಿನ ಓಣಿಯ ತಿಮ್ಮಕ್ಕಜ್ಜಿಯ ಮನೆಗೆ ನಾನೇ ಒಯ್ದು ಇಟ್ಟೆ. ಅಜ್ಜಿ ಅದನ್ನು ದೇವರ ಗೂಡಿನ ಕೆಳಗೆ ಇಟ್ಟು, “ಇನ್ನೇನು ಚಿಂತಿಲ್ಲ ಬಿಡು. ಆಕಿ ಈಗ ಈ ಊರಾಗಿಲ್ಲ ಅಂತನ ತಿಳಿ” ಎಂದಳು.

ಅಂದಿನಿಂದ ಮನೆಯಲ್ಲಿ ಒಂದು ಆಟ ಶುರುವಾಯಿತು. ಶುರುಮಾಡಿದವಳು ವೈನಿಯೇ. ಅಪ್ಪ ನೀರು ಕೇಳಿದರೆ, “ನಾ ಊರಾಗಿಲ್ರಿ ಮಾಮಾ, ಗಬ್ಬೂರಿನ ಹತ್ರ ಇದ್ದೀನಿ” ಎಂದು ಒಳಗಿನಿಂದಲೇ ಕೂಗುವಳು. ನಾನು ಎರಡನೆಯ ಸಲ ಚಹಾ ಕೇಳಿದರೆ, “ಬಸ್ಸು ನಿಂತಾಗ ಕುಡಿ, ಈಗ ಓಡ್ಲಿಕ್ಕತ್ತದ” ಎನ್ನುವಳು. ಅಪ್ಪನೂ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಊರವರು ಕೇಳಿದರೆ ಒಂದೇ ಉತ್ತರ: “ಹೊಂಟಾಳ್ರಿ, ಪರಸ್ತಾನ ಆತು.” ಕೇಳಿದವರು ‘ಹೋದಳು’ ಎಂದೇ ತಿಳಿದು ಸಮಾಧಾನದಿಂದ ಮುಂದೆ ನಡೆಯುತ್ತಿದ್ದರು.

ಆ ವಾರ ನಾನು ಪತ್ರಿಕೆಗೆ ಕಳಿಸಿದ ವರ್ತಮಾನ ಹೀಗಿತ್ತು: “ಇಲ್ಲಿ ಹುಚ್ಚುನಾಯಿಯೊಂದು ಒಬ್ಬ ಹೆಣ್ಣುಮಗಳನ್ನೂ ಒಬ್ಬ ಕುರಿಗಾರನನ್ನೂ ಕಚ್ಚಿತು. ನಾಯಿಯನ್ನು ಕೊಲ್ಲಲಾಗಿದೆ. ಇಬ್ಬರೂ ಚಿಕಿತ್ಸೆಗಾಗಿ ರಾಯಚೂರಿಗೆ ತೆರಳಿದ್ದಾರೆ.” ಒಂದಕ್ಷರ ಬದಲಾಗದೆ ಅಚ್ಚಾಯಿತು. ಮುಂದೆ ದೊಡ್ಡ ಪತ್ರಿಕೆಯಲ್ಲಿ ಕೂತು ನಾನು ಎಷ್ಟೋ ವರದಿಗಾರರನ್ನು ಗದರಿಸಿದ್ದೇನೆ: ಕಣ್ಣಿನಿಂದ ನೋಡದೆ ಬರೆಯಬೇಡ, ಆಗಿದ್ದನ್ನು ಬರೆ, ಆಗಲಿರುವುದನ್ನು ಆಯಿತೆಂದು ಬರೆಯಬೇಡ. ಅವರಲ್ಲಿ ಒಬ್ಬರಿಗೂ ನನ್ನ ಮೊದಲ ಸುಳ್ಳು ವರದಿ ಯಾವುದೆಂದು ಹೇಳಿಲ್ಲ. ಅದನ್ನು ಬರೆದಾಗ ವೈನಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ವರದಿಗೆ ತಿದ್ದುಪಡಿಯನ್ನೂ ಕಳಿಸಲಿಲ್ಲ.

ಇನ್‌ಸ್ಪೆಕ್ಟರು ಎರಡು ದಿನ ತಡವಾಗಿ ಬಂದರು. ಅಷ್ಟರಲ್ಲಿ ತುಳಸಿ ಲಗ್ನ ಎದುರಿಗೆ ನಿಂತಿತ್ತು. ಮನೆಯಲ್ಲಿರುವ ಒಬ್ಬಳೇ ಮುತ್ತೈದೆ ಊರು ಬಿಟ್ಟರೆ ತುಳಸಿಗೆ ಆರತಿ ಎತ್ತುವವರು ಯಾರು? ಐದು ದಿನ ಮೀರಿ ಮೊದಲ ಗಂಟು ಕೆಟ್ಟಿತು. ಹಬ್ಬದ ಮೇಲೆ ಎರಡನೆಯ ಗಂಟು ಕಟ್ಟಿದೆವು. ಹೊರಡುವ ಮುನ್ನಾ ದಿನ ವೈನಿ ಮುಟ್ಟಾಗಿ ಹೊರಗೆ ಕೂತಳು. ಮೂರು ದಿನ ಯಾರೂ ಮುಟ್ಟುವಂತಿಲ್ಲ, ಬಸ್ಸಿನ ಮಾತು ದೂರವೇ. ಅದೂ ಕೆಟ್ಟಿತು. ಮೂರನೆಯ ಗಂಟನ್ನು ನಾನು ತಿಮ್ಮಕ್ಕಜ್ಜಿಯ ಮನೆಗೆ ಒಯ್ಯುವ ಹೊತ್ತಿಗೆ ವೈನಿಯ ಕಾಲಿನ ಗಾಯ ಪೂರ್ತಿ ಮಾಯ್ದು, ಎರಡು ಬಿಳಿ ಚುಕ್ಕೆ ಉಳಿದಿದ್ದವು. ಗಾಯ ನೋಡಬೇಡಿ ಎಂದು ಡಾಕ್ಟರು ಹೇಳಿದ್ದರು. ನಾವು ಗಾಯವನ್ನೇ ನೋಡಿದೆವು. ಆ ಗಂಟು ಐದು ದಿನ ಕಳೆದರೂ ಅಲ್ಲೇ ಉಳಿಯಿತು. ಅದನ್ನು ಯಾರೂ ನೆನೆಯಲಿಲ್ಲ. ಒಂದು ದಿನ ತಿಮ್ಮಕ್ಕಜ್ಜಿ ದಾರಿಯಲ್ಲಿ ಸಿಕ್ಕು, “ನಿಮ್ಮ ಗಂಟಿಗೆ ಇರವಿ ಹತ್ಯಾವ, ಒಯ್ಯಿ” ಎಂದಳು. ನಾಳೆ ಎಂದೆ.

ಮೂಢನಂಬಿಕೆ ನಮ್ಮನ್ನು ತಡೆಯಿತು ಎಂದು ಬರೆದರೆ ಓದುಗರಿಗೂ ನನಗೂ ಸುಲಭ. ನಿಜ ಬೇರೆ. ಅಪ್ಪ ಒಂದು ದಿನವೂ ‘ಹೋಗಬೇಡಿ’ ಎನ್ನಲಿಲ್ಲ. ಬುಧವಾರದ ನಂತರ ಒಳ್ಳೆಯ ದಿನಗಳು ಬೇಕಾದಷ್ಟಿದ್ದವು. ನಾವು ಹೊರಟಾಗಿದೆ ಎಂಬ ನೆಮ್ಮದಿಯೇ ನಮ್ಮನ್ನು ಮನೆಯಲ್ಲಿ ಕೂಡಿಸಿತು. ಪ್ರಸ್ಥಾನ ಇಡದಿದ್ದರೆ ಒಂದು ಭಯವಾದರೂ ಉಳಿದಿರುತ್ತಿತ್ತು.

ಧನುರ್ಮಾಸ ಹಿಡಿಯಿತು. ನಸುಕಿನಲ್ಲಿ ಗುಡಿಯ ಹುಗ್ಗಿ ಮಾಡುವವಳು ವೈನಿ. ಶನಿವಾರ ಹುಗ್ಗಿಗೆ ಹೆಸರುಬೇಳೆ ತೊಳೆಯುತ್ತ, “ಕಚ್ಚಿದ ಕಾಲು ಜುಂ ಅನ್ನಲಿಕ್ಕತ್ತದ” ಎಂದಳು. ಭಾನುವಾರ ಜ್ವರ. ಸೋಮವಾರ ಮುಂಜಾನೆ ಹುಗ್ಗಿಯ ತುತ್ತು ನುಂಗಲಾಗದೆ ಕೆಳಗಿಟ್ಟು, ನೀರಿನ ಲೋಟ ಎತ್ತಿ, ಹಾಗೇ ಕೈ ನಡುಗಿ ಚೆಲ್ಲಿಬಿಟ್ಟಳು. “ಗಂಟಲು ಹಿಡದಂಗ ಆಗ್ತದ” ಎಂದು ನಗಲು ನೋಡಿದಳು. ಅಪ್ಪ ಆ ಚೆಲ್ಲಿದ ನೀರನ್ನು ನೋಡುತ್ತ ನಿಂತರು. ಆಮೇಲೆ ಅಣ್ಣನಿಗೆ ಹೇಳಿದರು:

“ಬಸ್ಸು ಇನ್ನೂ ಹೋಗಿಲ್ಲ. ಕರಕೊಂಡು ನಡಿ.”

“ಅಪ್ಪಾ, ಇವತ್ತ ಸೋಮವಾರ…”

“ವಾರ ನನಗ ಹೇಳಿಕೊಡಬ್ಯಾಡ!” ಎಂದು ಅಪ್ಪ ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪೂರ್ವಕ್ಕೆ ಶೂಲವಿದ್ದ ಸೋಮವಾರ, ಮುಹೂರ್ತವಿಲ್ಲದೆ, ಗಂಟಿಲ್ಲದೆ, ಉಟ್ಟ ಬಟ್ಟೆಯಲ್ಲಿ ನಾವು ಮೂವರು ಹೊರಟೆವು. ಬಸ್ಸು ನಿಲ್ಲುವಲ್ಲಿ ಡ್ರೈವರು ಖಾಸಿಂ ಸಾಹೇಬ ಇಂಜಿನ್ನಿನ ಮುಂದೆ ಬಾಗಿದ್ದ. ಬಸ್ಸಿನ ಹಿಂಭಾಗದಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಒಂದು ಬೆಂಚು ಇರುತ್ತಿತ್ತು. ಗಂಡಸರು ಅಲ್ಲಿ ಕೂರುವಂತಿರಲಿಲ್ಲ. ವೈನಿಯ ಮುಖ ನೋಡಿ ಅವನೇ ಹೇಳಿದ: “ಮಾಸ್ತರ್ರ, ನೀವೂ ಪರದಾದ ಒಳಗ ಕೂಡ್ರಿ. ಯಾರಾರ ಏನಾರ ಅಂದ್ರ ನಾ ಅದೀನಿ.”

ನಾನು ಡ್ರೈವರನ ಹಿಂದೆ ಕೂತೆ. ಮಾಡಲು ಏನೂ ಇಲ್ಲದ್ದರಿಂದ ನೋಡಿದ್ದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಳ್ಳುತ್ತ ಹೋದೆ. ಇಕ್ಕೆಲದಲ್ಲೂ ಕಪ್ಪು ಎರೆಭೂಮಿ. ಬಿಳಿಜೋಳ ತೆನೆ ಹಿರಿಯುವ ಹೊತ್ತು. ನಡುನಡುವೆ ಹತ್ತಿ, ಕಡಲೆ, ಕುಸುಬೆಯ ಸಾಲು. ಎಡಕ್ಕೆ ಎಲ್ಲೋ ಕೃಷ್ಣೆ ಇದ್ದಾಳೆ, ಕಾಣುವುದಿಲ್ಲ. ಬಲಕ್ಕೆ ಇನ್ನೂ ದೂರ ತುಂಗಭದ್ರೆ ಇದ್ದಾಳೆ, ಅವಳೂ ಕಾಣುವುದಿಲ್ಲ. ಅಂಥ ಚೆಲುವಾದ ಚಳಿಗಾಲದ ಮುಂಜಾನೆಯಲ್ಲಿ ಆ ದಾರಿಯನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಒಂದು ಏರಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ನೂಕಿದೆವು. “ಮಸಿ ತಿಂದು ಮಲಗೈತಿ ನೋಡ್ರಲೇ ನಮ್ಮ ಎಮ್ಮಿ” ಎಂದು ಯಾರೋ ಅಂದರು, ನೂಕುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೀಗೂ ಆಗುತ್ತದೆ.

ಬಸ್ಸು ಓಡತೊಡಗಿದಾಗ ಪರದೆಯ ಒಳಗಿಂದ ಅಣ್ಣನ ದನಿ ಬಂತು: “ಶೀನಾ, ಮುಂದಿನ ಕಿಡಕಿ ಹಾಕಿಸು. ಗಾಳಿ ತಡೀಲಿಕ್ಕೆ ಆಗವಲ್ದು ಆಕಿಗೆ.” ನಾನು ಎಲ್ಲರಿಗೂ ಹೇಳಿ ಕಿಟಕಿಗಳಿಗೆ ಕಟ್ಟಿದ್ದ ದಪ್ಪ ಬಟ್ಟೆಯ ಕಿತ್ತಾನು ಇಳಿಸಿದೆ. ಒಲೆಯ ಹೊಗೆ ಒಳಗೆ ತುಂಬಿತು. ಜನ ಕೆಮ್ಮಿದರು, ಗೊಣಗಿದರು. ಆದರೆ ಯಾರೂ ಕಿತ್ತಾನು ಎತ್ತಲಿಲ್ಲ.

ಗಬ್ಬೂರಿನಲ್ಲಿ ಬೂದಿ ತೆಗೆದು ಇದ್ದಿಲು ತುಂಬಲು ಬಸ್ಸು ಅರ್ಧ ತಾಸು ನಿಲ್ಲುತ್ತಿತ್ತು. ಇಳಿದು ನಿಂತೆ. ರಸ್ತೆ ಪಕ್ಕದ ಕೊಯ್ದ ಶೇಂಗಾ ಹೊಲದಲ್ಲಿ ಕುರಿ ಹಿಂಡು ಇತ್ತು. ಕಂಬಳಿ ಹೊದ್ದ ಕುರಿಗಾರನೊಬ್ಬ ನನ್ನನ್ನೇ ನೋಡುತ್ತ ಬಂದ. ಬೀರಪ್ಪ.

“ಏ, ಪೂಜಾರಪ್ಪಾರ ಮನ್ಯಾರಲ್ರೀ ನೀವು? ಹೊಳಿ ಕಡೆ ಕುರಿ ಹೊಡಕೊಂಡು ಹೊಂಟಿದ್ನಿ.” ತೋಳು ಚಾಚಿ ಮಾಯ್ದ ಗಾಯ ತೋರಿಸಿದ. “ಮರುದಿನಾನ ಹೋದ್ನಿರಿ. ಹದಿನಾಕು ದಿನ ಅಲ್ಲೇ ದವಾಖಾನಿ ಕಟ್ಟಿಮ್ಯಾಲ ಮಲಗಿದ್ನಿ. ಹೊಟ್ಟಿ ಅನ್ನೂದು ಜಲ್ಡಿ ಮಾಡಿ ಬಿಟ್ಟಾರ ನೋಡ್ರಿ ಯಪ್ಪಾ. ದಿನಾ ಅವ್ವಾರ ದಾರಿ ನೋಡತಿದ್ನಿ. ಬರಲಿಲ್ಲ. ಊರಿಗೆ ಬಂದು ಕೇಳಿದ್ರ, ಅವರು ಆವಾಗೇ ಹೋದ್ರು ಅಂದ್ರು. ಬ್ಯಾರೆ ದವಾಖಾನಿಗೆ ಹೋಗಿರಬೇಕು ಅಂತ ಸುಮ್ಮಾದ್ನಿ. ಆರಾಮ ಅದಾರಲ್ರೀ?”

ನಾನು ಬಸ್ಸಿನ ಕಡೆ ನೋಡಿದೆ. ಅದೇ ಹೊತ್ತಿಗೆ ಒಳಗೆ ಅಣ್ಣ ಹಿತ್ತಾಳೆ ತಂಬಿಗೆಯಿಂದ ನೀರು ಕೊಡಲು ಹೋಗಿದ್ದ. ಬಾಗಿಲ ಬಳಿ ಪರದೆ ಸರಿದಿತ್ತು. ವೈನಿಗೆ ಬಾಯಾರಿಕೆ, ತಾನೇ ಕೈ ಚಾಚಿ ತಂಬಿಗೆ ಹಿಡಿದಳು. ನೀರು ತುಟಿಯ ಹತ್ತಿರ ಬಂದದ್ದೇ ಅವಳ ಕುತ್ತಿಗೆಯ ನರಗಳೆಲ್ಲ ಬಿಗಿದು, ಮೈ ಹಿಂದಕ್ಕೆ ಸೆಟೆದು, ಒಂದು ಕೂಗು ಬಂತು. ತಂಬಿಗೆ ಉರುಳಿತು. ಬೀರಪ್ಪ ನೋಡಿದ. ಕುರಿಗಾರನಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಹುಚ್ಚುನಾಯಿ ಕಚ್ಚಿದ ಕುರಿಗಳನ್ನು ಅವನು ನೋಡಿದ್ದ.

“ಯವ್ವಾ…” ಎಂದವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮತ್ತೆ ನನ್ನ ಮುಖ ನೋಡಲಿಲ್ಲ. “ಹೋಗಿದ್ದಿಲ್ಲೇನ್ರಿ? ನೀವು ಹೋಗಿದ್ದಿಲ್ಲೇನ್ರಿ?” ಎಂದು ನೆಲಕ್ಕೆ ಕೇಳಿದ.

ಬಿಸಿಲಿಗೆ ಹಾಗಾಗಿದೆ ಎಂದು ಅಣ್ಣ ಸುತ್ತಲಿನವರಿಗೆ ಹೇಳುತ್ತಿದ್ದ. ಮಾರ್ಗಶಿರದ ಚಳಿಯಲ್ಲಿ ಜನ ಮೈತುಂಬ ಹೊದ್ದು ನಿಂತಿದ್ದರು. ಖಾಸಿಂ ಸಾಹೇಬ ಇದ್ದಿಲು ತುಂಬುವುದನ್ನು ಅರ್ಧಕ್ಕೇ ಬಿಟ್ಟು ಬಂದು ಇಂಜಿನ್ನು ತಿರುಗಿಸಿದ.

ಗಬ್ಬೂರಿನ ಆಚೆ ನನಗೆ ದಾರಿ ನೆನಪಿಲ್ಲ. ಬೀರಪ್ಪನ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಬಗೆಬಗೆಯಾಗಿ ಉತ್ತರಿಸುತ್ತಿದ್ದೆ. ಒಂದು ಉತ್ತರವೂ ಎರಡನೆಯ ವಾಕ್ಯಕ್ಕೆ ದಾಟಲಿಲ್ಲ. ರಾಯಚೂರಿನ ಗುಡ್ಡ, ಅದರ ಮೇಲಿನ ಕೋಟೆ ಕಾಣಿಸಿದಾಗ ಮಾತ್ರ ತಲೆ ಎತ್ತಿದೆ. ಅಲ್ಲಿನ ಕೆಳಕೋಟೆಯ ಗೋಡೆಯಲ್ಲಿ ಭಾರಿ ಉದ್ದದ ಒಂದು ಕಲ್ಲಿದೆ. ಕೋಣಗಳನ್ನು ಹೂಡಿ ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ರಾಯಚೂರಿಗೆ ಹೊಸಬರು ಬಂದರೆ ಮೊದಲು ಅದನ್ನು ತೋರಿಸುವುದು ವಾಡಿಕೆ. ಹಿಂದೆ ಪರದೆಯ ಒಳಗಿದ್ದವಳು ರಾಯಚೂರನ್ನು ಆವರೆಗೆ ನೋಡಿರಲಿಲ್ಲ. ಮಾನ್ವಿಯಿಂದ ದೇವದುರ್ಗಕ್ಕೆ ಸಿರವಾರದ ಮೇಲೆ ಬಂಡಿಯಲ್ಲಿ ಬಂದವಳು, ಬಂಡಿಯಲ್ಲೇ ತವರಿಗೆ ಹೋಗಿ ಬರುತ್ತಿದ್ದವಳು. ನಾನು ತಿರುಗಿ ಏನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕೋಟೆಯ ಬಾಗಿಲು ಹಿಂದೆ ಬಿತ್ತು.

ದವಾಖಾನೆಯಲ್ಲಿ ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಕತ್ತಲು ಮಾಡಿದ ಕೋಣೆ ಕೊಟ್ಟರು, ಗಾಳಿಯಾಡದಂತೆ ಕಿಟಕಿಗೆ ಗೋಣಿತಟ್ಟು ಕಟ್ಟಿದರು, ನೋವು ತಿಳಿಯದಂತೆ ಔಷಧ ಚುಚ್ಚಿದರು. ಮೂರನೆಯ ದಿನ ಎಲ್ಲ ಮುಗಿಯಿತು. ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದರು. ಪಂಚಾಂಗವನ್ನು ಇನ್ನೊಬ್ಬ ಪುರೋಹಿತರ ಮನೆಗೆ ಕೊಟ್ಟುಬಿಟ್ಟರು. ಏಕಾದಶಿ ಯಾವಾಗ ಎಂದು ನನ್ನನ್ನು ಕೇಳುತ್ತಿದ್ದರು.

ಆ ಮೂರು ದಿನಗಳಲ್ಲಿ ವೈನಿಗೆ ಪೂರ್ಣ ಎಚ್ಚರ ಇದ್ದ ಹೊತ್ತುಗಳಿದ್ದವು; ಈ ರೋಗದ ಕ್ರೌರ್ಯ ಅದು. ಮೊದಲ ಸಂಜೆ ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ, “ದೂರ ನಿಂದ್ರು ಶೀನಪ್ಪಾ, ಕಚ್ಚೀನಿ ಮತ್ತ” ಎಂದಳು. ನಗೆಯೇ ಅದು; ಬಾಯಿ ಮಾತ್ರ ಅವಳ ಮಾತು ಕೇಳಲಿಲ್ಲ. ಅವಳು ನಮ್ಮಲ್ಲಿ ಯಾರನ್ನೂ ದೂರಲಿಲ್ಲ. ದೂರಿದ್ದರೆ ಇಷ್ಟು ವರ್ಷ ನಾನು ಅವಳೊಡನೆ ವಾದ ಮಾಡಿಕೊಂಡಾದರೂ ಇರಬಹುದಿತ್ತು.

ಆದರೆ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಉಳಿದದ್ದು ನಾವು ಬಂದಿಳಿದ ಆ ಮಧ್ಯಾಹ್ನ. ದೊಡ್ಡ ಡಾಕ್ಟರು ವೈನಿಯ ಹಿಮ್ಮಡಿಯ ಎರಡು ಬಿಳಿ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೊರಗಿನ ಕಟ್ಟೆಯ ಮೇಲೆ ಬಂದು, ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತರು.

“ನಾಯಿ ಕಚ್ಚಿ ಎಷ್ಟು ದಿನ ಆಯ್ತು?”

ಅಣ್ಣ ನನ್ನ ಮುಖ ನೋಡಿದ. ತಾರೀಖುಗಳೆಲ್ಲ ನನ್ನ ಬಳಿ ಇರುತ್ತಿದ್ದವು.

“ನಲವತ್ತೈದು ದಿನ” ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ವಯಸ್ಸಾದವರು, ಸಿಟ್ಟು ಮಾಡುವ ಸ್ವಭಾವದವರಲ್ಲ. ನಮ್ಮ ಪರವಾಗಿ ಅವರೇ ಒಂದು ಕಾರಣ ಹುಡುಕುತ್ತಿದ್ದರೆಂದು ನನಗೆ ಈಗ ಅನಿಸುತ್ತದೆ.

“ಪಾಪ, ಈ ಯುದ್ಧದ ಕಾಲ. ಆ ಕಡೆ ಬಸ್ಸು ಬಂದ್ ಆಗಿತ್ತೇನ್ರಿ?”

ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಹೌದು ಎನ್ನಬಹುದಿತ್ತು. ಶಾಲೆಯಲ್ಲಿ ಹುಡುಗರು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರ; ಹೇಳಲಿಲ್ಲ.

“ಇಲ್ರೀ” ಎಂದ. “ದಿನಾ ಇತ್ತು. ದಿನಾ ಮುಂಜಾನೆ ನಮ್ಮ ಮನೀ ಮುಂದನ ಹೋಗ್ತಿತ್ತು.”